ಶುಕ್ರವಾರದ ಗಾಡಿ ಲೆಕ್ಕ

ಮುನ್ಸಿಪಾಲಿಟಿಯಿಂದ ನಮ್ಮ ಅರ್ಜಿ ಮರಳಿ ಬಂದಾಗ ಅದರ ಮೇಲೆ ಅರಬ್ಬಿಯಲ್ಲಿ ಚಿಕ್ಕದೊಂದು ಷರಾ ಇತ್ತು: ಕಟ್ಟಡಕ್ಕೆ ಬೇಕಾದಷ್ಟು ಪಾರ್ಕಿಂಗ್ ಇಲ್ಲ. ಕೌಂಟರಿನ ಮುಂದೆ ನಿಂತೇ ಅದನ್ನು ಓದಿದೆ. ಕಾಗದ ಮಡಚಿಕೊಂಡು ಕಾರಿಗೆ ಬಂದು ಕುಳಿತೆ. ಏಸಿ ಹಾಕುವುದು ಮರೆತೇ ಹೋಗಿತ್ತು.

ನಾನು ಸಾಮಾನು ಇಡಲು ಕೋಣೆ ಬಾಡಿಗೆಗೆ ಕೊಡುವ ಒಂದು ಕಂಪನಿಯ ಮಂದೂಬ್. ಅಂದರೆ ಕಂಪನಿಯ ಕಾಗದಪತ್ರಗಳನ್ನು ಸರ್ಕಾರಿ ಕಚೇರಿಗಳಿಗೆ ಒಯ್ದು ಕೆಲಸ ಮಾಡಿಸಿಕೊಂಡು ಬರುವವನು. ಓದಿದ್ದು ಎಸ್ಸೆಸ್ಸೆಲ್ಸಿ. ಅರಬ್ಬಿ ಕಲಿತದ್ದು ಇಂಥ ಕೌಂಟರುಗಳ ಮುಂದೆ ನಿಂತು ನಿಂತು. ಯಾವ ಕಾಗದ ಮೇಲಿಡಬೇಕು, ಯಾವುದನ್ನು ಕೇಳಿದರೆ ಮಾತ್ರ ತೆಗೆಯಬೇಕು ಎಂಬುದು ನನಗೆ ಗೊತ್ತಿತ್ತು. ಆ ತಿಳಿವಳಿಕೆಯ ಬಗ್ಗೆ ನನಗೆ ಜಂಬವೂ ಇತ್ತು.

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದು ಎರಡು ಅಂತಸ್ತಿನ ಹಳೆಯ ಗೋದಾಮು. ಒಳಗೆ ತಗಡಿನ ಗೋಡೆ ಎಬ್ಬಿಸಿ, ಒಂದೊಂದಕ್ಕೂ ಶಟರ್ ಹಾಕಿ, ಕೋಣೆಗಳನ್ನು ಮಾಡಿ ಬಾಡಿಗೆಗೆ ಕೊಡುತ್ತಿದ್ದೆವು. ಸಂಸಾರವನ್ನು ಊರಿಗೆ ಕಳಿಸಿ ಫ್ಲ್ಯಾಟ್ ಬಿಟ್ಟು ಬಿನ್ ಮಹಮೂದ್ ಬಡಾವಣೆಯಲ್ಲಿ ಒಂದು ಮಂಚದ ಜಾಗಕ್ಕೆ ಹೋಗುವವರು ತಮ್ಮ ಸೋಫಾ, ಫ್ರಿಜ್ ತಂದಿಡುತ್ತಿದ್ದರು. ಅಂಗಡಿ ಚಿಕ್ಕದಾದವರು ಸರಕು ಇಡುತ್ತಿದ್ದರು. ಬೀಗ ಅವರದು, ಕೀಲಿಕೈ ಅವರದು, ಬೇಕೆಂದಾಗ ಬಂದು ತೆಗೆದುಕೊಂಡು ಹೋಗಬಹುದು.

ತೊಂದರೆ ಇದ್ದದ್ದು ಮೇಲಿನ ಅಂತಸ್ತಿನಲ್ಲಿ. ಕಾಗದದಲ್ಲಿ ಅದು ಒಂದೇ ಕಂಪನಿಯ ದಾಸ್ತಾನು ಇಡುವ ಜಾಗ. ಅದನ್ನೂ ಕೋಣೆಗಳಾಗಿ ಮಾಡಿ ಬಾಡಿಗೆಗೆ ಕೊಟ್ಟ ಮೇಲೆ ನಿಯಮದ ಪ್ರಕಾರ ಅದು ಜನ ಬಂದುಹೋಗುವ ಜಾಗವಾಯಿತು. ಅಷ್ಟು ವಿಸ್ತೀರ್ಣಕ್ಕೆ ತಕ್ಕಷ್ಟು ಕಾರು ನಿಲ್ಲಲು ಅಂಗಳದಲ್ಲಿ ಜಾಗ ತೋರಿಸಬೇಕು. ನಮ್ಮ ಅಂಗಳ ಅದರ ಅರ್ಧಕ್ಕೂ ಸಾಲದು. ಮೊದಲು ಕೋಣೆ ಮಾಡಿ, ಜನ ತುಂಬಿಸಿ, ಆಮೇಲೆ ಅನುಮತಿ ಕೇಳಿದ್ದೆವು. ಒಪ್ಪಿಗೆ ಸಿಗದಿದ್ದರೆ ಮೇಲಿನದೆಲ್ಲ ಖಾಲಿ ಮಾಡಿಸಬೇಕು. ಕಂಪನಿಯ ಲೈಸೆನ್ಸ್ ನವೀಕರಣವೂ ಅಲ್ಲಿಗೇ ನಿಲ್ಲುತ್ತದೆ. ಲೈಸೆನ್ಸ್ ನಿಂತರೆ ನಮ್ಮೆಲ್ಲರ ವೀಸಾ ನಿಲ್ಲುತ್ತದೆ. ನನ್ನ ಬತಾಕ, ಅಂದರೆ ಇಲ್ಲಿ ಇರಲು ಬೇಕಾದ ಗುರುತಿನ ಕಾರ್ಡು, ಅದೇ ವರ್ಷ ಮುಗಿಯುವುದಿತ್ತು. ಅರವತ್ತು ದಾಟಿದವನಿಗೆ ಬೇರೆ ಕಂಪನಿಯವರು ಯಾರು ವೀಸಾ ಕೊಡುತ್ತಾರೆ? ಹೆಂಡತಿ ಇರುವುದೂ ನನ್ನ ವೀಸಾದ ಮೇಲೆಯೇ. ಆ ದಿನಗಳಲ್ಲಿ ಅವಳು ಊಟಕ್ಕೆ ಬಡಿಸಿ ಎದುರು ಕುಳಿತರೆ ನನಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ನಮ್ಮ ಮ್ಯಾನೇಜರ್ ಮೈಸೂರಿನವರು, ನನಗಿಂತ ತುಂಬ ಚಿಕ್ಕವರು. ಷರಾ ಓದಿ ಅವರು ಗಾಬರಿಯಾಗಲಿಲ್ಲ.

"ವಿನಾಯ್ತಿ ಕೇಳೋಣ ಸಾರ್. ಸ್ಟೋರೇಜಿಗೆ ಯಾರು ದಿನಾ ಬರ್ತಾರೆ? ತಿಂಗಳಿಗೊಂದ್ಸಲ ಬಂದ್ರೆ ಹೆಚ್ಚು. ಒಂದು ವಾರ ಗಾಡಿ ಎಣಿಸಿ ತೋರ್ಸಿದ್ರೆ ಆಯ್ತು."

"ಶುಕ್ರವಾರ?" ಎಂದೆ.

"ಶುಕ್ರವಾರ ಏನು?"

"ನೀವು ರಜೆಯಲ್ಲಿ ಇರ್ತೀರಿ, ನಿಮ್ಗೆ ಗೊತ್ತಿಲ್ಲ. ಶುಕ್ರವಾರ ಗೇಟಿನ ಹೊರಗಿನವರೆಗೂ ಗಾಡಿ ಇರ್ತದೆ. ಎಲ್ರಿಗೂ ಅದೊಂದೇ ರಜೆ ಅಲ್ವಾ."

ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಶುಕ್ರವಾರ ನೀವು ಸ್ವಲ್ಪ ನೋಡ್ಕೊಳಿ ಸಾರ್" ಎಂದರು.

ಅವರು ಹೇಳಿದ್ದು ಅಷ್ಟೇ. ಮುಂದಿನ ಉಪಾಯ ಅವರದಲ್ಲ, ನನ್ನದು. ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಎಣಿಕೆಗೆ ಒಬ್ಬ ಈಜಿಪ್ತಿನ ಇಂಜಿನಿಯರನ್ನು ನೇಮಿಸಿದೆವು. ಮುನ್ಸಿಪಾಲಿಟಿ ಒಪ್ಪುವುದು ಅಂಥ ಕನ್ಸಲ್ಟೆಂಟಿನ ಸಹಿಯನ್ನು ಮಾತ್ರ. ಅವರು ಕಟ್ಟುನಿಟ್ಟಿನ ಮನುಷ್ಯ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ತಾವೇ ಕುಳಿತರು. ಒಳಗೆ ಬಂದ ಗಾಡಿ, ಅದು ನಿಂತ ಹೊತ್ತು, ಹೊರಟ ಹೊತ್ತು, ಎಲ್ಲ ಬರೆದುಕೊಳ್ಳುತ್ತಿದ್ದರು. ಒಂದೇ ಸಮಯದಲ್ಲಿ ಅತಿ ಹೆಚ್ಚು ಎಷ್ಟು ಗಾಡಿ ನಿಂತಿದ್ದವು ಎನ್ನುವುದು ಮುಖ್ಯ, ಅದರ ಮೇಲೆಯೇ ವಿನಾಯಿತಿ ನಿಂತಿದೆ ಎಂದು ನನಗೆ ವಿವರಿಸಿದರು. ಶನಿವಾರದಿಂದ ಗುರುವಾರದವರೆಗೆ ಲೆಕ್ಕ ನಮ್ಮ ಪರವಾಗಿಯೇ ಇತ್ತು. ಅಂಗಳ ಹೆಚ್ಚು ಹೊತ್ತು ಖಾಲಿ. ನಾನು ಮಾತ್ರ ಶುಕ್ರವಾರಕ್ಕೆ ಎಷ್ಟು ದಿನ ಉಳಿಯಿತೆಂದು ಎಣಿಸುತ್ತಿದ್ದೆ.

ಗುರುವಾರ ಸಂಜೆ ಎಲ್ಲ ಗಿರಾಕಿಗಳಿಗೂ ವಾಟ್ಸಾಪಿನಲ್ಲಿ ಒಂದು ಸಂದೇಶ ಕಳಿಸಿದೆ. ನಾಳೆ ಲಿಫ್ಟ್ ದುರಸ್ತಿ ಇದೆ, ಮೇಲಿನಿಂದ ಭಾರದ ಸಾಮಾನು ತೆಗೆಯುವವರು ದಯವಿಟ್ಟು ಬೇರೆ ದಿನ ಬನ್ನಿ ಎಂದು. ಬರಬೇಡಿ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಲಿಫ್ಟ್ ಇಲ್ಲ ಎಂದರೆ ಜನ ತಾವಾಗಿಯೇ ಬರುವುದಿಲ್ಲ. ಲಿಫ್ಟನ್ನು ನಿಜವಾಗಿ ಆರಿಸಲಿಲ್ಲ. ಆರಿಸಿದರೆ ಅದರ ಮೇಂಟೆನೆನ್ಸ್ ಕಂಪನಿಗೆ ತಿಳಿಸಬೇಕು, ಅವರ ಮನುಷ್ಯ ಬರುತ್ತಾನೆ. ನೆಲ ಒರೆಸುವಾಗ ಇಡುವ ಹಳದಿ ಬೋರ್ಡೊಂದನ್ನು ತಂದು, ಅದರ ಮೇಲೆ ಕಾಗದ ಅಂಟಿಸಿ, ಲಿಫ್ಟಿನ ಬಾಗಿಲ ಮುಂದೆ ಇಟ್ಟೆ. ಅಷ್ಟೇ. ಕೆಲಸ ಇಷ್ಟು ಹಗುರವಾಗಿ ಮುಗಿಯಿತಲ್ಲ ಎಂದು ಒಂದು ಕ್ಷಣ ಖುಷಿಯೂ ಆಯಿತು.

ನಾವು ಕಥೋಲಿಕರು. ಇಲ್ಲಿ ನಮಗೆ ಪೂಜೆಯ ದಿನವೂ ಶುಕ್ರವಾರವೇ. ಆ ದಿನ ಹೆಂಡತಿಯನ್ನು ಚರ್ಚಿನ ಬಸ್ಸಿಗೆ ಹತ್ತಿಸಿ, ಆಫೀಸಿನಲ್ಲಿ ಅರ್ಜೆಂಟ್ ಇದೆ ಎಂದು ಹೇಳಿ ಗೇಟಿಗೆ ಬಂದು ಕುಳಿತೆ.

ಹೊರಗೆ ಬೀದಿಯಲ್ಲಿ ಕ್ಯಾಂಪಿನ ಕೆಲಸಗಾರರು ಬಟ್ಟೆ ಒಗೆದು ಬೇಲಿಯ ಮೇಲೆ ಹರಡಿದ್ದರು. ವಾರವಿಡೀ ಅವರನ್ನು ಹೊತ್ತು ತಿರುಗುವ ಕಂಪನಿ ಬಸ್ಸುಗಳು ಸಾಲಾಗಿ ಸುಮ್ಮನೆ ನಿಂತಿದ್ದವು. ನಮ್ಮ ಅಂಗಳಕ್ಕೆ ಆಗೊಂದು ಈಗೊಂದು ಕಾರು ಬಂತು, ಅದೂ ಕೆಳಗಿನ ಕೋಣೆಯವರದು.

"ಯಾ ಹಜ್ಜಿ," ಇಂಜಿನಿಯರ್ ನಕ್ಕರು, "ಶುಕ್ರವಾರವೂ ಜನ ಇಲ್ಲ. ನಿಮಗೆ ಬಾಡಿಗೆ ಕೊಡುವವರು ಯಾರು, ಜಿನ್ನುಗಳಾ?"

ಇಲ್ಲಿ ನನ್ನಂಥ ಬಿಳಿ ಗಡ್ಡದ ಮುದುಕರನ್ನೆಲ್ಲ ಹಜ್ ಯಾತ್ರೆ ಮಾಡಿ ಬಂದವರೆಂದುಕೊಂಡು ಗೌರವದಿಂದ ಹಜ್ಜಿ ಎನ್ನುತ್ತಾರೆ. ಕಚೇರಿಗಳಲ್ಲಿ ಆ ಕರೆಯಿಂದ ಕೆಲಸ ಸುಲಭವಾಗುತ್ತಿತ್ತು. ಹಾಗಾಗಿ ಯಾರನ್ನೂ ನಾನು ತಿದ್ದಿದವನಲ್ಲ.

ಜುಮ್ಮಾ ನಮಾಜು ಮುಗಿದು ಇಂಜಿನಿಯರ್ ಮರಳಿ ಬಂದು ಕುಳಿತ ಸ್ವಲ್ಪ ಹೊತ್ತಿಗೆ ಒಂದು ಟ್ಯಾಕ್ಸಿ ಗೇಟಿನ ಹೊರಗೆ ನಿಂತಿತು. ಇಳಿದವರು ದರ್ಜಿ. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನರು, ದೋಹಾ ಅಲ್ ಜದೀದಾದಲ್ಲಿ ಅವರ ಸಣ್ಣ ಅಂಗಡಿ. ನನ್ನ ಪ್ಯಾಂಟುಗಳನ್ನೆಲ್ಲ ಹೊಲಿದವರು ಅವರೇ. ನಮ್ಮ ಕಡೆ ಕ್ರಿಸ್ತಿಯನ್ನರನ್ನು ಪೊರ್ಬುಗಳು ಎನ್ನುತ್ತಾರೆ. ನಾನು ಅವರಿಗೆ ಪೊರ್ಬುಗಳು, ಅವರು ನನಗೆ ಮಾಸ್ಟ್ರು. ಮೇಲಿನ ಅಂತಸ್ತಿನಲ್ಲಿ ಅವರದೊಂದು ಚಿಕ್ಕ ಕೋಣೆ ಇತ್ತು. ಬಟ್ಟೆಯ ಥಾನುಗಳು, ಒಂದು ಹೆಚ್ಚುವರಿ ಹೊಲಿಗೆ ಮೆಷಿನ್.

"ಲಿಫ್ಟ್ ಇಲ್ವಾ ಪೊರ್ಬುಗಳೇ?"

"ಇಲ್ಲ ಮಾಸ್ಟ್ರೇ, ರಿಪೇರಿ. ಮೆಸೇಜ್ ಹಾಕಿದ್ದೆ ಅಲ್ವಾ? ನಾಳೆ ಬನ್ನಿ."

"ನಾಳೆ ಆಗುದಿಲ್ಲ ಮಾರಾಯ್ರೆ. ಅಂಗಡಿಯ ಮೆಷಿನ್ ಹಾಳಾಗಿದೆ. ರಂಜಾನ್ ಬಂತು, ಈದಿನ ಆರ್ಡರ್ ಈಗ ಹಿಡಿಯದಿದ್ರೆ ಮತ್ತೆ ಯಾರು ಬರ್ತಾರೆ? ಬರೀ ಮೆಷಿನಿನ ತಲೆ, ಕೈಯಲ್ಲಿ ತರ್ತೇನೆ."

"ಭಾರ ಉಂಟು ಮಾಸ್ಟ್ರೇ."

"ಎಂತ ಭಾರ? ನಿಮ್ಮ ಹೊಟ್ಟೆಯಷ್ಟಿಲ್ಲ" ಎಂದು ನಗುತ್ತ ಒಳಗೆ ಹೋದರು.

ಇಂಜಿನಿಯರಿಗೆ ನಮ್ಮ ಭಾಷೆಯ ಒಂದಕ್ಷರ ತಿಳಿಯದು. 'ಮಾಸ್ಟ್ರೇ, ಲಿಫ್ಟ್ ಸರಿ ಉಂಟು, ಅದರಲ್ಲೇ ತನ್ನಿ' ಎಂದು ನಾನು ಕನ್ನಡದಲ್ಲಿ ಹೇಳಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಮಾತು ನಾಲಿಗೆಯವರೆಗೆ ಬಂದಿತ್ತು. ಆದರೆ ದರ್ಜಿಗೆ ಹೇಳಿದರೆ ಸಂದೇಶ ಸುಳ್ಳೆಂದು ಅವರಿಗೆ ತಿಳಿಯುತ್ತದೆ. ಅವರ ಅಂಗಡಿಗೆ ಊರಿನವರೆಲ್ಲ ಬರುತ್ತಾರೆ. ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಆ ಸುದ್ದಿ ಇರುತ್ತದೆ. ನಾನು ಇಷ್ಟನ್ನು ಲೆಕ್ಕ ಹಾಕುವಷ್ಟರಲ್ಲಿ ಅವರು ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತುವ ಸದ್ದು ಕೇಳಿತು.

ಆಮೇಲೆ, ಅವರು ಮೆಷಿನ್ ಹೊತ್ತು ಇಳಿಯುವಾಗ, ಕೇಳಿದ್ದು ಇನ್ನೊಂದು ಸದ್ದು. ಮೊದಲು ಕಬ್ಬಿಣದ ಮೇಲೆ ಕಬ್ಬಿಣ ಬಿದ್ದದ್ದು, ಮತ್ತೆ ಮನುಷ್ಯ ಬಿದ್ದದ್ದು.

ಓಡಿಹೋಗಿ ನೋಡಿದಾಗ ಮೆಟ್ಟಿಲು ತಿರುಗುವಲ್ಲಿ ಅವರು ಕುಳಿತಿದ್ದರು. ಮೆಷಿನ್ ಕೆಳಗೆ ಉರುಳಿತ್ತು. ಬಲಗೈಯ ಮಣಿಕಟ್ಟು ಇರಬೇಕಾದ ಹಾಗೆ ಇರಲಿಲ್ಲ. "ಮೆಷಿನ್ ಒಡೆಯಿತಾ ನೋಡಿ" ಎಂದರು. ಇಂಜಿನಿಯರೇ ಆಂಬುಲೆನ್ಸಿಗೆ ಫೋನ್ ಮಾಡಿದರು. ಅದು ಬಂದು ಅವರನ್ನು ಕರೆದುಕೊಂಡು ಹೊರಟ ಮೇಲೆ ಇಂಜಿನಿಯರ್ ತಮ್ಮ ಕುರ್ಚಿಗೆ ಮರಳಿ, ಹಾಳೆ ನೋಡುತ್ತ ಕೇಳಿದರು: "ಹಜ್ಜಿ, ಆಂಬುಲೆನ್ಸನ್ನೂ ಎಣಿಸಬೇಕಾ?"

ತಮಾಷೆ ಮಾಡಿದ್ದಲ್ಲ. ಒಳಗೆ ಬಂದ ಪ್ರತಿ ಗಾಡಿಯನ್ನೂ ಬರೆಯುವುದು ಅವರ ಕ್ರಮ.

"ಬೇಡ," ಎಂದೆ, "ಅದು ಗಿರಾಕಿಯ ಗಾಡಿಯಲ್ಲ."

ಗೇಟು ಮುಚ್ಚಿದ ಮೇಲೆ ಒಳಗೆ ಹೋಗಿ ಬೋರ್ಡು ತೆಗೆದೆ. ಆಸ್ಪತ್ರೆಗೆ ಹೋದಾಗ ದರ್ಜಿಯ ಕೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದರು. ಹೇಗಾಯಿತೆಂದು ಕೇಳಿದವರಿಗೆಲ್ಲ ಅವರು "ನನ್ನದೇ ಕಾಲು ತಪ್ಪಿದ್ದು" ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ನಿಂತಿದ್ದೆ. ಆ ಈದಿಗೆ ಅವರು ಹೊಸ ಆರ್ಡರ್ ಹಿಡಿಯಲಿಲ್ಲ. ಕತ್ತರಿ ಹಿಡಿಯುವುದು ಬಲಗೈ ತಾನೆ.

ವರದಿ ತಯಾರಾಯಿತು. ನಕ್ಷೆ, ಬೆಂಕಿ ಸುರಕ್ಷತೆ ನೋಡುವ ಸಿವಿಲ್ ಡಿಫೆನ್ಸಿನ ಒಪ್ಪಿಗೆ, ಅಕ್ಕಪಕ್ಕದ ವರ್ಕ್‌ಶಾಪಿನವರ ನಿರಾಕ್ಷೇಪಣಾ ಪತ್ರ, ಎಲ್ಲ ಸೇರಿಸಿ ಫೈಲು ಕೊಟ್ಟು ಬಂದೆ. ವಿಚಾರಣೆಗೆ ಕರೆ ಬರುವವರೆಗೆ ನಾನು ಸರಿಯಾಗಿ ಊಟ ಮಾಡಿದ್ದು ನೆನಪಿಲ್ಲ. ಫೋನ್ ಗುಂಯ್ ಎಂದರೆ ಮಾಡುತ್ತಿದ್ದ ಕೆಲಸ ಬಿಟ್ಟು ತೆಗೆದು ನೋಡುತ್ತಿದ್ದೆ. ಆ ಶುಕ್ರವಾರ ಲಿಫ್ಟ್ ಸರಿಯಾಗಿತ್ತು ಎಂದು ಯಾರಾದರೂ ವಾಟ್ಸಾಪ್ ಗುಂಪಿನಲ್ಲಿ ಬರೆದುಬಿಟ್ಟರೆ? ಮೇಂಟೆನೆನ್ಸ್ ಕಂಪನಿಯವರು ಯಾವ ದುರಸ್ತಿ ಎಂದು ಕೇಳಿದರೆ? ಅಂಗಳದಲ್ಲಿ ಯಾರಾದರೂ ಗಾಡಿ ನಿಲ್ಲಿಸಿ ಸುಮ್ಮನೆ ಒಳಗೆ ನೋಡಿದರೂ ಇವರು ಮುನ್ಸಿಪಾಲಿಟಿಯವರೇ ಇರಬೇಕೆಂದು ಅನ್ನಿಸುತ್ತಿತ್ತು. ಹೆಂಡತಿ ಕೇಳಿದಳು, ಶುಗರ್ ಏರಿದೆಯಾ ಎಂದು. ಹೌದು ಎಂದೆ.

ಆ ವರ್ಷ ರಂಜಾನೂ ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ತಪಸ್ಸುಕಾಲವೂ ಒಟ್ಟಿಗೆ ನಡೆಯುತ್ತಿದ್ದವು. ಪಾಪನಿವೇದನೆಗೆ ಹೋಗಿ ಪಾದ್ರಿಗಳಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ನನಗೆ ಹೇಳಿದ್ದಾಯ್ತು. ಹೇಳಬೇಕಾದವರು ಬೇರೆ ಇದ್ದಾರಲ್ಲ" ಎಂದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗೆ ಬಂದೆ. ಏನೂ ಮಾಡಲಿಲ್ಲ.

ಈದ್ ಕಳೆದ ಮೇಲೆ ವಿಚಾರಣೆಯ ದಿನ ಬಂತು. ಹಿಂದಿನ ದಿನ ಮ್ಯಾನೇಜರಿಗೆ ಲಿಫ್ಟಿನ ವಿಷಯ ತಿಳಿಸಿದೆ. ಅವರು ಕುರ್ಚಿಯಿಂದ ಎದ್ದು ಬಾಗಿಲು ಹಾಕಿ ಬಂದರು.

"ಸಾರ್, ನಾನೇನೂ ಕೇಳಿಸ್ಕೊಂಡಿಲ್ಲ. ಈಗ ಬಾಯ್ಬಿಟ್ರೆ ಖಲಾಸ್. ಕೇಳಿದ್ರೆ ಏನ್ ಹೇಳ್ತೀರಿ?"

"ಶುಕ್ರವಾರ ನಮಾಜು, ಮನೆಯವರ ಜೊತೆ ಇರುವ ದಿನ, ಹಾಗಾಗಿ ಜನ ಕಡಿಮೆ."

"ಅಷ್ಟೇ. ಅದನ್ನೇ ಹೇಳಿ."

ಅರಬ್ಬಿಯಲ್ಲಿ ಆ ವಾಕ್ಯವನ್ನು ಮನೆಗೆ ಹೋಗುವ ದಾರಿಯಲ್ಲೆಲ್ಲ ಬಾಯಿಪಾಠ ಮಾಡಿದೆ.

ಮುನ್ಸಿಪಾಲಿಟಿಯಲ್ಲಿ ಒಂದು ಚಿಕ್ಕ ಕೋಣೆ. ಮೇಜಿನ ಆಚೆ ಮೂವರು ಅಧಿಕಾರಿಗಳು. ನಡುವೆ ಕುಳಿತವರು ಕತಾರಿನವರೇ, ನಡುವಯಸ್ಸಿನವರು, ಮೆಲುದನಿಯವರು. ಇಂಜಿನಿಯರ್ ತಮ್ಮ ಕೋಷ್ಟಕ ತೋರಿಸಿ ಚೆನ್ನಾಗಿ ವಿವರಿಸಿದರು. ಮ್ಯಾನೇಜರ್ ಲೋಡಿಂಗಿಗೆ ಬಿಟ್ಟ ಜಾಗದ ಬಗ್ಗೆ ಹೇಳಿದರು. ಎಲ್ಲ ಸರಾಗವಾಗಿ ಹೋಗುತ್ತಿತ್ತು. ನಡುವಿನ ಅಧಿಕಾರಿ ಹಾಳೆ ತಿರುವಿ ನಿಂತರು.

"ರಜೆಯ ದಿನವೇ ಎಲ್ಲಕ್ಕಿಂತ ಕಡಿಮೆ. ನನ್ನ ಮನೆಯ ಹಳೆ ಸಾಮಾನು ಇಡಲು ಹೋಗುವುದಾದರೆ ನಾನು ರಜೆಯಲ್ಲೇ ಹೋಗುತ್ತೇನೆ." ಅವರು ಮ್ಯಾನೇಜರನ್ನು ಬಿಟ್ಟು ನನ್ನ ಕಡೆ ನೋಡಿದರು. "ಹಜ್ಜಿ, ಗೇಟಿನಲ್ಲಿದ್ದವನು ನೀನು. ನೀನು ಹೇಳು. ನಿನ್ನ ಮಾತನ್ನೇ ಬರೆದುಕೊಳ್ಳುತ್ತೇನೆ."

ವಾಕ್ಯ ಸಿದ್ಧವಾಗಿತ್ತು. ಬಾಯಿ ತೆರೆದರೆ ಬೇರೆಯೇ ಮಾತು ಬಂತು.

"ನಾನು ಹಜ್ಜಿ ಅಲ್ಲ ಸರ್. ಕ್ರಿಸ್ತಿಯನ್."

ಅವರು ಹುಬ್ಬೇರಿಸಿದರು. ಅದರಲ್ಲೇನೂ ತಪ್ಪಿಲ್ಲ ಎನ್ನುವ ಹಾಗೆ ಕೈಯಾಡಿಸಿದರು. ಮ್ಯಾನೇಜರ್ ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ಆದರೆ ಇಷ್ಟು ವರ್ಷ ಒಂದು ಸಣ್ಣ ಸುಳ್ಳನ್ನು ಸುಮ್ಮನೆ ಹೊತ್ತು ತಿರುಗಿ, ಅದನ್ನು ಕೆಳಗಿಟ್ಟ ಮೇಲೆ ದೊಡ್ಡದನ್ನು ಹಿಡಿದುಕೊಳ್ಳಲು ನನ್ನಲ್ಲಿ ಬಲ ಉಳಿಯಲಿಲ್ಲ. ಹೇಳಿದೆ. ಸಂದೇಶ ಕಳಿಸಿದ್ದು, ಬೋರ್ಡು ಇಟ್ಟದ್ದು, ಲಿಫ್ಟ್ ಸರಿಯಾಗಿದ್ದದ್ದು, ಮೆಟ್ಟಿಲಿನಲ್ಲಿ ಒಬ್ಬರು ಬಿದ್ದದ್ದು.

ಇಂಜಿನಿಯರರ ಮುಖ ಕೆಂಪಾಗಿತ್ತು. "ಅದರಲ್ಲಿ ನನ್ನ ಸಹಿ ಇದೆ" ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಅವರಿಗೂ ನಾನು ಮೋಸ ಮಾಡಿದ್ದೇನೆ ಎಂಬುದು ನನಗೆ ಹೊಳೆದದ್ದು ಆಗಲೇ. ಅಧಿಕಾರಿ ಫೈಲು ಮುಚ್ಚಿದರು. ಅರ್ಜಿ ತಿರಸ್ಕರಿಸಲಿಲ್ಲ. ಹೊಸ ಎಣಿಕೆ ಆಗಬೇಕು, ಶುಕ್ರವಾರಗಳಂದು ತಮ್ಮ ಮನುಷ್ಯನೇ ಬಂದು ಕೂರುತ್ತಾನೆ ಎಂದರು.

ಅವನು ಬಂದು ಕುಳಿತ. ಅಂಗಳ ತುಂಬಿ ಗಾಡಿಗಳು ಬೀದಿಯ ಬಸ್ಸುಗಳ ಪಕ್ಕದವರೆಗೂ ನಿಂತವು. ಕೊನೆಗೆ ಬಂದ ಆದೇಶ ಹೀಗಿತ್ತು: ಕೆಳಗಿನ ಅಂತಸ್ತಿನಲ್ಲಿ ಮುಂದಿನ ಸಾಲಿನ ಕೋಣೆಗಳನ್ನು ಕಿತ್ತು ಗಾಡಿಗೆ ಜಾಗ ಮಾಡಬೇಕು, ಶುಕ್ರವಾರ ಮೊದಲೇ ಹೊತ್ತು ಗೊತ್ತು ಮಾಡಿಕೊಂಡವರು ಮಾತ್ರ ಬರಬೇಕು. ಈ ಷರತ್ತುಗಳ ಮೇಲೆ ಉಳಿದ ಕೊರತೆಗೆ ವಿನಾಯಿತಿ. ಮೇಲಿನ ಅಂತಸ್ತು ಉಳಿಯಿತು, ಲೈಸೆನ್ಸೂ ಉಳಿಯಿತು. ಮುಂದಿನ ಸಾಲಿನವರ ಸಾಮಾನುಗಳನ್ನು ಅವರ ಬೈಗುಳ ಕೇಳುತ್ತ ನಾನೇ ನಿಂತು ಸಾಗಿಸಿದೆ.

ಕಂಪನಿಯ ಮಾಲೀಕರಾದ ಅರಬಾಬ್ ನನ್ನನ್ನು ಕರೆಸಿ, ಫೈಲುಗಳನ್ನು ಬೇರೆಯವನಿಗೆ ಒಪ್ಪಿಸು ಎಂದರು. ಬತಾಕ ಒಂದು ವರ್ಷಕ್ಕೆ ಮಾಡಿಸಿಕೊಟ್ಟರು. ಮುಂದಿನದು ತಿಳಿಯದು. ಈಗ ನನ್ನ ಕೆಲಸ ಶುಕ್ರವಾರ ಗೇಟಿನಲ್ಲಿ ಕುಳಿತು ಗಿರಾಕಿಗಳನ್ನು ಅವರವರ ಹೊತ್ತಿಗೆ ಒಳಗೆ ಬಿಡುವುದು. ಪೂಜೆಗೆ ಗುರುವಾರ ಸಂಜೆ ಹೋಗುತ್ತೇನೆ.

ಮೂವರು ಅಪರಿಚಿತರ ಮುಂದೆ ಅರಬ್ಬಿಯಲ್ಲಿ ಹೇಳಿದ್ದನ್ನು ದರ್ಜಿಯ ಮುಂದೆ ಕನ್ನಡದಲ್ಲಿ ಹೇಳಲು ನನಗೆ ಇನ್ನಷ್ಟು ವಾರ ಹಿಡಿಯಿತು. ಎರಡು ಸಲ ಅಂಗಡಿಯ ಮುಂದಿನಿಂದ ಹಾದುಹೋದೆ. ಕೊನೆಗೆ ಒಳಗೆ ಹೋದಾಗ ಪ್ಲಾಸ್ಟರ್ ತೆಗೆದಿದ್ದರು. ಬಲಗೈ ಮೇಜಿನ ಮೇಲಿಟ್ಟು ಬೆರಳು ಮಡಚುವ ಅಭ್ಯಾಸ ಮಾಡುತ್ತಿದ್ದರು. ಬಟ್ಟೆ ಕತ್ತರಿಸುತ್ತಿದ್ದವರು ಅವರ ಭಾವ. ಭಾವ ಚಹಾ ತರಲು ಹೋಗುವವರೆಗೆ ಕಾದು, ನಿಂತೇ ಹೇಳಿದೆ.

ದರ್ಜಿ ಬೆರಳು ಮಡಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತುಂಟು ಪೊರ್ಬುಗಳೇ."

"ಯಾರು ಹೇಳಿದ್ದು?"

"ಯಾರೂ ಇಲ್ಲ. ಅವತ್ತೇ ನೋಡಿದ್ದೇನೆ. ಲಿಫ್ಟಿನ ಬಟನಲ್ಲಿ ಲೈಟ್ ಉರೀತಿತ್ತು."

ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತೆ.

"ಒತ್ತುವ ಅಂತ ಕೈ ಎತ್ತಿದೆ. ಮತ್ತೆ ಅನ್ನಿಸಿತು, ನಮ್ಮ ಪೊರ್ಬುಗಳು ಬೋರ್ಡ್ ಇಟ್ಟಿದ್ದಾರಲ್ಲ, ಏನೋ ಕಾರಣ ಇರ್ತದೆ. ನಾನು ಒತ್ತಿ ಏನಾದ್ರೂ ಆದ್ರೆ ನಾಳೆ ಅವರಿಗೇ ತೊಂದರೆ." ಅವರು ಈಗ ನನ್ನ ಮುಖ ನೋಡಿದರು. "ಬೇರೆಯವರು ಇಟ್ಟದ್ದಾಗಿದ್ರೆ ಒತ್ತುತ್ತಿದ್ದೆ."

ಭಾವ ಚಹಾ ತಂದರು. ಕುಡಿದೆವು. ಏನಾದರೂ ಪರಿಹಾರ ಕೊಡುತ್ತೇನೆ ಎನ್ನಲು ಹೋದೆ. "ಅದು ಬಿಡಿ" ಎಂದು ತಡೆದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ, ಕೋಣೆ ಬಿಡುವುದಿಲ್ಲ, ಥಾನುಗಳು ಅಲ್ಲೇ ಇರಲಿ ಎಂದರು.

ಈಗ ಅವರು ಶುಕ್ರವಾರ ತಮ್ಮ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಭಾವನ ಕಾರು ಗೆರೆಯೊಳಗೆ ನಿಲ್ಲಿಸುತ್ತಾರೆ. ನನ್ನ ಕುರ್ಚಿಯ ಹತ್ತಿರ ಬಂದು ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಾರೆ. ಮುಖದಲ್ಲಿ ನಗು ಇರುತ್ತದೆ. ಅದು ಎಂಥ ನಗು ಎಂದು ನನಗೆ ಇನ್ನೂ ತಿಳಿದಿಲ್ಲ.

"ಇವತ್ತು ಲಿಫ್ಟ್ ಉಂಟಾ ಪೊರ್ಬುಗಳೇ?"

"ಉಂಟು ಮಾಸ್ಟ್ರೇ" ಎಂದರೆ ಅವರು ಹೋಗುವುದಿಲ್ಲ. ಅಲ್ಲೇ ನಿಲ್ಲುತ್ತಾರೆ. ನಾನು ಕುರ್ಚಿಯಿಂದ ಎದ್ದು, ಅವರ ಮುಂದೆ ನಡೆದುಹೋಗಿ, ನನ್ನ ಬೆರಳಿನಿಂದಲೇ ಬಟನ್ ಒತ್ತಿ, ಬಾಗಿಲು ತೆರೆಯುವವರೆಗೆ ಅವರ ಪಕ್ಕ ನಿಂತಿರುತ್ತೇನೆ. ಮೊದಲು ನಾನು ಒಳಗೆ ಕಾಲಿಡುತ್ತೇನೆ. ಆಮೇಲೆ ಅವರು.